ಕುಡಿಯೋದು ಬಿಟ್ಟಾಯ್ತು, ಸಂಜೆ ಆರು ಗಂಟೆಗೆ ಏನ್ ಮಾಡ್ಲಿ ಡಾಕ್ಟ್ರೇ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ, ಹೆಸರು ಹಾಕ್ಬೇಡಿ. ಸಕಲೇಶಪುರದ ಹತ್ರ ಒಂದು ಹಳ್ಳಿ, ವಯಸ್ಸು 41. ಐದು ಎಕರೆ ಕಾಫಿ ಇದೆ, ಜೊತೆಗೆ ಒಂದು ಪಿಕಪ್ ಗಾಡಿ ಬಾಡಿಗೆಗೆ ಓಡಿಸ್ತೀನಿ. ಹದಿನೈದು ವರ್ಷದಿಂದ ಕುಡೀತಿದ್ದೆ, ಕೊನೆಕೊನೆಗೆ ದಿನಾ ಎರಡು ಕ್ವಾರ್ಟರ್. ಯುಗಾದಿ ಆದ್ಮೇಲೆ ಆಸ್ಪತ್ರೆಗೆ ಅಡ್ಮಿಟ್ ಆಗಿ ಬಿಟ್ಟೆ, ಐದು ತಿಂಗಳಾಯ್ತು, ಒಂದು ತೊಟ್ಟೂ ಮುಟ್ಟಿಲ್ಲ. ಆದ್ರೆ ಎಲ್ರೂ ಹೇಳಿದ ಹಾಗೆ ಖುಷಿ ಏನೂ ಆಗ್ತಿಲ್ಲ. ಸಂಜೆ ಏನ್ ಮಾಡ್ಬೇಕೋ ತೋಚಲ್ಲ, ರಾತ್ರಿ ನಿದ್ದೆ ಇಲ್ಲ, ಬಂದ್ರೂ ಕುಡಿದ ಹಾಗೆ ಕನಸು. ಮನೆಯೋಳು ಇನ್ನೂ ಬಾಯಿ ಮೂಸಿ ನೋಡ್ತಾಳೆ, ದುಡ್ಡು ಕೈಗೆ ಕೊಡಲ್ಲ, ಮಗ ಮಾತಾಡಲ್ಲ. ಫ್ರೆಂಡ್ಸ್ ಜೊತೆ ಸೋಡಾ ಕುಡ್ಕೊಂಡು ಕೂತ್ರೆ ತಪ್ಪಾ? ಪಿತೃಪಕ್ಷ ಬರ್ತಿದೆ, ಅಪ್ಪಂಗೆ ಎಡೆಗೆ ಬ್ರಾಂದಿ ಇಡೋದು ನಮ್ಮನೆ ಪದ್ಧತಿ, ಆಮೇಲೆ ಬಾಮೈದನ ಮದುವೆ ಬೇರೆ. ತಿಂಗಳಿಗೊಂದು ಬಿಯರ್ ಆದ್ರೂ ಪರವಾಗಿಲ್ವಾ?

ಉತ್ತರ: ಮೊದಲು ಕೊನೇ ಪ್ರಶ್ನೆಗೆ ಉತ್ತರ ಹೇಳ್ಬಿಡ್ತೀನಿ, ಯಾಕಂದ್ರೆ ಅದು ತಲೇಲಿ ಇಟ್ಕೊಂಡೇ ನೀವು ಉಳಿದದ್ದನ್ನೆಲ್ಲ ಓದ್ತೀರ ಅಂತ ಗೊತ್ತು. ಬೇಡ. ತಿಂಗಳಿಗೊಂದೂ ಬೇಡ. ಬಿಯರ್ ಅಂದ್ರೆ ಲೈಟು ಅನ್ನೋ ಲೆಕ್ಕ ನಮ್ಮ ಕಡೆ ಹೇಗೋ ಬಂದ್ಬಿಟ್ಟಿದೆ. 650 ಎಂಎಲ್‌ನ ಒಂದು ಸ್ಟ್ರಾಂಗ್ ಬಿಯರ್, 8 ಪರ್ಸೆಂಟ್ ಅಂತ ಹಿಡಿದ್ರೆ, ಅದ್ರಲ್ಲಿ ಸುಮಾರು 41 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತೆ. ನೀವು ಕುಡೀತಿದ್ದ 180 ಎಂಎಲ್ ಕ್ವಾರ್ಟರಲ್ಲಿ, ಬಾಟ್ಲಿ ಮೇಲೆ 42.8 ಪರ್ಸೆಂಟ್ ಅಂತ ಬರೆದಿರುತ್ತೆ ನೋಡಿ, ಸುಮಾರು 61 ಗ್ರಾಂ. ಅಂದ್ರೆ ಒಂದು ಬಿಯರ್ ಹತ್ರ ಹತ್ರ ಕ್ವಾರ್ಟರಿನ ಮೂರರಲ್ಲಿ ಎರಡು ಪಾಲು ಆಯ್ತು, ಅದಕ್ಕೆ ಯಾವ ಮರ್ಯಾದೆನೂ ಕೊಡ್ಬೇಕಾಗಿಲ್ಲ. ಕೆಲವರಿಗೆ ಕಮ್ಮಿ ಕುಡ್ಕೊಂಡು ಇರೋಕಾಗುತ್ತೆ, ಇಲ್ಲ ಅನ್ನಲ್ಲ. ಆದ್ರೆ ದಿನಾ ಎರಡು ಕ್ವಾರ್ಟರ್ ಕುಡಿದು, ನಿಲ್ಲಿಸಿದಾಗ ಅಡ್ಮಿಟ್ ಆಗೋ ಮಟ್ಟಕ್ಕೆ ಹೋದೋರಿಗೆ ಆ ದಾರಿ ಬೇಡ, ತಿಂಗಳಿಗೊಂದು ಅನ್ನೋದು ಹದಿನೈದು ದಿನಕ್ಕೊಂದು ಆಗಿ, ಆಮೇಲೆ ವಾರಕ್ಕೆ ಬಂದು ನಿಂತು, ಕಾಫಿ ಕೊಯ್ಲು ಶುರು ಆಗೋ ಹೊತ್ತಿಗೆ ಹಳೇ ಲೆಕ್ಕಕ್ಕೆ ವಾಪಸ್ ಬಂದಿರೋದನ್ನ ನಮ್ಮ ಒಪಿಡೀಲಿ ಬಹಳ ನೋಡಿದ್ದೀವಿ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ನೀವು ಕೇಳ್ತಿರೋದು ಎಣ್ಣೆ ಬಗ್ಗೆ ಅಂತ ನನಗೇನೂ ಅನ್ಸಲಿಲ್ಲ, ಸಂಜೆ ಆರರಿಂದ ಒಂಬತ್ತರವರೆಗೆ ಏನ್ ಮಾಡ್ಲಿ ಅಂತ ಕೇಳ್ತಿದ್ದೀರ. ಹದಿನೈದು ವರ್ಷ ಆ ಮೂರು ಗಂಟೆಗೆ ಒಂದು ಕೆಲ್ಸ ಇತ್ತು. ಎಲ್ಲಿಗೆ ಹೋಗ್ಬೇಕು, ಯಾರ ಜೊತೆ ಕೂರ್ಬೇಕು, ಏನು ತಿನ್ಬೇಕು, ಯಾರನ್ನ ಬೈಬೇಕು, ಮನೆಗೆ ಎಷ್ಟೊತ್ತಿಗೆ ಹೋಗ್ಬೇಕು ಎಲ್ಲಾ ಅದೇ ತೀರ್ಮಾನ ಮಾಡ್ತಿತ್ತು. ಆಸ್ಪತ್ರೇಲಿ ನಾವು ನಿಮ್ಮ ದೇಹದಿಂದ ಎಣ್ಣೆ ಇಳಿಸ್ತೀವಿ, ಒಂದು ವಾರ ಹತ್ತು ದಿನದ ಕೆಲ್ಸ ಅದು. ಆ ಮೂರು ಗಂಟೆ ಜಾಗಕ್ಕೆ ಏನೂ ಕೊಡದೆ ಡಿಸ್ಚಾರ್ಜ್ ಮಾಡಿ ಕಳಿಸ್ತೀವಿ. ಆಮೇಲೆ "ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಅಂತ ಒಂದು ಮಾತು. ಅದೇನು ಔಷಧಿ ಅಂತ ಕೊಡ್ತಾರೋ ನನಗಂತೂ ಗೊತ್ತಿಲ್ಲ!

ಜೀವನ ಸಪ್ಪೆ ಅನ್ಸೋದು ಯಾಕೆ ಅಂತ ಮೊದಲು ಹೇಳ್ತೀನಿ, ಯಾಕಂದ್ರೆ ಇದನ್ನ ಬಹಳ ಜನ "ನಾನು ಇರೋದೇ ಹೀಗೆ, ಕುಡಿದ್ರೆನೇ ನಾನು ಮನುಷ್ಯ" ಅಂತ ತಪ್ಪು ತಿಳ್ಕೊಂಡು ವಾಪಸ್ ಹೋಗ್ತಾರೆ. ಮೆದುಳಲ್ಲಿ ಖುಷಿ ಆಗೋಕೆ ಒಂದು ವ್ಯವಸ್ಥೆ ಇದೆ, ಊಟ, ಮಾತು, ಮಕ್ಕಳು, ಮಳೆ ನಿಂತ್ಮೇಲೆ ಬಿದ್ದ ಬಿಸಿಲು ಇದಕ್ಕೆಲ್ಲ ಅದು ಸಣ್ಣದಾಗಿ ಸ್ಪಂದಿಸುತ್ತೆ. ವರ್ಷಗಟ್ಟಲೆ ದಿನಾ ಆಲ್ಕೋಹಾಲ್ ಅದನ್ನ ಜೋರಾಗಿ ತಟ್ಟಿದ್ರೆ ಅದು ತನ್ನ ಸೂಕ್ಷ್ಮನ ತಾನೇ ಕಮ್ಮಿ ಮಾಡ್ಕೊಳ್ಳುತ್ತೆ. ಗಣಪತಿ ಮೆರವಣಿಗೇಲಿ ಡಿಜೆ ಬಾಕ್ಸ್ ಪಕ್ಕ ಎರಡು ಗಂಟೆ ನಿಂತು ಮನೆಗೆ ಬಂದ್ರೆ ಹೆಂಡ್ತಿ ಊಟಕ್ಕೆ ಕರೆದಿದ್ದೂ ಕೇಳ್ಸಲ್ಲ ಅಲ್ವಾ, ಹಾಗೆ. ಕಿವಿ ಕೆಟ್ಟಿಲ್ಲ, ಸರಿ ಹೋಗೋಕೆ ಟೈಮ್ ಬೇಕು. ಇಲ್ಲಿ ಆ ಟೈಮ್ ತಿಂಗಳುಗಳ ಲೆಕ್ಕ. ಐದನೇ ತಿಂಗಳಲ್ಲಿ ಸಪ್ಪೆ ಅನ್ಸೋದು ಬಹಳ ಸಾಮಾನ್ಯ, ಬಹುತೇಕರಿಗೆ ಒಂದು ವರ್ಷದೊಳಗೆ ನಿಧಾನಕ್ಕೆ ಬಣ್ಣ ಬರುತ್ತೆ. ಆದ್ರೆ ಒಂದು ಎಚ್ಚರ. ಎರಡು ವಾರಕ್ಕೂ ಜಾಸ್ತಿ ಇಡೀ ದಿನ ಬೇಜಾರು, ಊಟ ಸೇರಲ್ಲ, ತೋಟಕ್ಕೆ ಹೋಗೋಕೂ ಮನಸ್ಸಿಲ್ಲ, ಸತ್ರೆ ಸಾಕು ಅನ್ನೋ ಯೋಚನೆ ಬರ್ತಿದೆ ಅಂದ್ರೆ ಅದು ಸಪ್ಪೆ ಅಲ್ಲ, ಖಿನ್ನತೆ, ಅದಕ್ಕೆ ಬೇರೆ ಚಿಕಿತ್ಸೆ ಇದೆ, ಚೆನ್ನಾಗಿ ವಾಸಿ ಆಗುತ್ತೆ. 14416 ಟೆಲಿ ಮಾನಸ್ ನಂಬರು, ಫ್ರೀ, ಹಗಲು ರಾತ್ರಿ ಯಾವಾಗ ಬೇಕಾದ್ರೂ ಕನ್ನಡದಲ್ಲೇ ಮಾತಾಡಬಹುದು.

ನಿದ್ದೆ. ಎಣ್ಣೆ ಹಾಕಿದ್ರೆ ನಿದ್ದೆ ಬರುತ್ತೆ ಅನ್ನೋದು ಅರ್ಧ ಸತ್ಯ, ಮೊದಲ ಅರ್ಧ ರಾತ್ರಿ ಕೆಡವುತ್ತೆ, ಆಮೇಲಿನ ಅರ್ಧ ಒಡೆದು ಹಾಕುತ್ತೆ, ಕನಸು ಬೀಳೋ ನಿದ್ದೆನ ಅದುಮಿ ಹಿಡಿಯುತ್ತೆ. ಬಿಟ್ಟ ಮೇಲೆ ಆ ಅದುಮಿದ ಕನಸೆಲ್ಲ ಒಟ್ಟಿಗೆ ಬರ್ತವೆ, ಅದ್ರಲ್ಲಿ ಕುಡಿಯೋ ಕನಸೂ ಇರುತ್ತೆ, ಎದ್ದಾಗ ಬಾಯಲ್ಲಿ ರುಚಿ ಇದ್ದ ಹಾಗೇ ಅನ್ಸಿ ಎದೆ ಹೊಡ್ಕೊಳ್ಳುತ್ತೆ. ಕನಸು ಬಿತ್ತು ಅಂದ್ರೆ ಮತ್ತೆ ಶುರು ಮಾಡ್ತೀರ ಅಂತ ಅರ್ಥ ಅಲ್ಲ, ಬಿಟ್ಟೋರಲ್ಲಿ ತುಂಬಾ ಜನಕ್ಕೆ ಬೀಳುತ್ತೆ, ಬೆಳಿಗ್ಗೆ ಮನೆಯೋರಿಗೆ ಹೇಳಿ ನಕ್ಕುಬಿಡಿ. ನಿದ್ದೆಗೆ ಅಂತ ಮೆಡಿಕಲ್ ಸ್ಟೋರಲ್ಲಿ ಯಾರೋ ಪರಿಚಯದ ಹುಡುಗ ಕೊಡೋ ಮಾತ್ರೆ ಮಾತ್ರ ತಗೋಬೇಡಿ, ಅವುಗಳಲ್ಲಿ ಸುಮಾರು ಮಾತ್ರೆ ಆಲ್ಕೋಹಾಲ್ ಕೆಲ್ಸ ಮಾಡೋ ಜಾಗದಲ್ಲೇ ಕೆಲ್ಸ ಮಾಡ್ತವೆ, ಬಾಟ್ಲಿ ಹೋಗಿ ಸ್ಟ್ರಿಪ್ ಬರುತ್ತೆ ಅಷ್ಟೇ. ಇನ್ನೊಂದು, ನಮ್ಮ ಕಡೆಯೋರಿಗೆ ಹೇಳೋಕೆ ಕಷ್ಟ ಆದ್ರೂ ಹೇಳ್ಬೇಕು, ಕಾಫಿ. ಬಿಟ್ಟ ಮೇಲೆ ಜನ ದಿನಕ್ಕೆ ಏಳೆಂಟು ಲೋಟ ಏರಿಸ್ತಾರೆ, ಕೆಫೀನ್ ಅರ್ಧ ಇಳಿಯೋಕೇ ಸುಮಾರು ಐದು ಗಂಟೆ ಬೇಕು, ಸಂಜೆ ಆರಕ್ಕೆ ಕುಡಿದದ್ದು ರಾತ್ರಿ ಹನ್ನೊಂದಕ್ಕೂ ಅರ್ಧ ಹಾಗೇ ಇರುತ್ತೆ. ಮಧ್ಯಾಹ್ನ ಮೂರರ ಮೇಲೆ ಬೇಡ. ಬೀಡಿ, ಗುಟ್ಕಾ ಜಾಸ್ತಿ ಆಗಿದೆಯಾ ಅಂತಲೂ ನೋಡ್ಕೊಳ್ಳಿ, ಬರೆದಿಲ್ಲ ನೀವು, ಆದ್ರೆ ಸಾಮಾನ್ಯವಾಗಿ ಆಗಿರುತ್ತೆ. ಸಿಹಿ ತಿನ್ನೋ ಆಸೆ ಬಂದಿದ್ರೆ ಗಾಬರಿ ಬೇಡ, ಶುಗರ್ ಇಲ್ಲ ಅಂದ್ರೆ ಸ್ವಲ್ಪ ಬೆಲ್ಲ ಕಡ್ಲೆ ತಿನ್ನಿ, ತೊಂದ್ರೆ ಏನಿಲ್ಲ.

ಇನ್ನು ಆ ಮೂರು ಗಂಟೆ. ನಿಮ್ಮ ಗಾಡಿ ದಿನಾ ಸಂಜೆ ಯಾವ ರೋಡಲ್ಲಿ ವಾಪಸ್ ಬರುತ್ತೆ ಅಂತ ಒಂದ್ಸಲ ಯೋಚನೆ ಮಾಡಿ. ಹದಿನೈದು ವರ್ಷ ಒಂದೇ ವೈನ್ ಶಾಪ್ ಮುಂದೆ ನಿಂತ ಗಾಡಿ, ಆ ತಿರುವಲ್ಲಿ ನಿಮ್ಮ ಕಾಲು ತಾನಾಗೇ ಬ್ರೇಕ್ ಮೇಲೆ ಹೋಗುತ್ತೆ. ಮೆದುಳು ಜಾಗ, ಹೊತ್ತು, ವಾಸನೆ ಇದನ್ನೆಲ್ಲ ಎಣ್ಣೆ ಜೊತೆ ಸೇರಿಸಿ ಕಲಿತುಬಿಟ್ಟಿರುತ್ತೆ, ಬೋರ್ಡ್ ಲೈಟ್ ಕಂಡ ತಕ್ಷಣ ಬಾಯಲ್ಲಿ ನೀರು ಬರೋದು ನಿಮ್ಮ ದೌರ್ಬಲ್ಯ ಅಲ್ಲ, ಕಲಿತದ್ದು. ಎರಡು ಕಿಲೋಮೀಟರ್ ಸುತ್ತಾದ್ರೂ ಬೇರೆ ದಾರಿ ಹಿಡೀರಿ, ಡೀಸೆಲ್, ಗೊಬ್ಬರ, ಮನೆ ಸಾಮಾನು ಎಲ್ಲಾ ಬೆಳಿಗ್ಗೆ ಮುಗಿಸ್ಕೊಳ್ಳಿ, ಸಂಜೆ ಬಾಡಿಗೆ ಒಪ್ಕೊಳ್ಳೋದಾದ್ರೆ ಪಕ್ಕದಲ್ಲಿ ಯಾರಾದ್ರೂ ಇರ್ಲಿ. ಜೇಬಲ್ಲಿ ದುಡ್ಡು ಇಟ್ಕೋಬೇಡಿ ಅನ್ನೋದು ನಮ್ಮ ಹಳೇ ಸಲಹೆ, ಈಗ ಅದು ನಡಿಯಲ್ಲ, ಫೋನ್ ಪೇ ಸ್ಟಿಕ್ಕರ್ ಬಾರ್ ಕೌಂಟರಲ್ಲೂ ಅಂಟಿಸಿದ್ದಾರೆ.

ಕಬಾಬ್ ಪಾರ್ಸೆಲ್, ಬೋಟಿ ಫ್ರೈ, ಮಸಾಲೆ ಕಡ್ಲೆಬೀಜ, ಎಣ್ಣೆ ಜೊತೆ ಯಾವತ್ತೂ ನೆಂಚ್ಕೊಂಡು ತಿಂತಿದ್ದದ್ದು ಏನೇ ಇರ್ಲಿ, ಸಂಜೆ ಹೊತ್ತು ಸದ್ಯಕ್ಕೆ ಬೇಡ. ಮಾಂಸ ತಿನ್ಬೇಡಿ ಅಂತಲ್ಲ. ಭಾನುವಾರ ಮಧ್ಯಾಹ್ನ ಮನೆಯೋರ ಜೊತೆ ಕೂತು ಕಡುಬು ಹಂದಿ ಸಾರು ಹೊಡೀರಿ, ಅದು ಬೇರೆ. ಸಂಜೆ ಪ್ಲಾಸ್ಟಿಕ್ ಕವರಲ್ಲಿ ಬಂದ ಕಬಾಬ್ ಬೇರೆ.

ಕುಡಿಯೋರು ರಾತ್ರಿ ಹತ್ತೂವರೆಗೆ ಉಣ್ತಾರೆ, ಆ ಟೈಮಿಂಗ್ ಬಿಟ್ಟ ಮೇಲೂ ಹಾಗೇ ಉಳ್ಕೊಂಡಿರುತ್ತೆ. ಆರು ಆರೂವರೆಗೆ ಹೊಟ್ಟೆ ಖಾಲಿ ಇರುತ್ತೆ, ದಿನ ಪೂರ್ತಿ ದುಡಿದು ಸುಸ್ತಾಗಿರುತ್ತೆ, ಯಾರ ಮೇಲೋ ಸಿಟ್ಟು ಬಂದಿರುತ್ತೆ, ಮಾತಾಡೋಕೆ ಯಾರೂ ಇರಲ್ಲ. ಹಸಿವು, ಸುಸ್ತು, ಸಿಟ್ಟು, ಒಂಟಿತನ ನಾಲ್ಕೂ ಒಂದೇ ಹೊತ್ತಿಗೆ ಬಂದು ಕೂತ್ರೆ ಆಸೆ ಆಗದೆ ಇನ್ನೇನಾಗುತ್ತೆ ಹೇಳಿ. ಇದ್ರಲ್ಲಿ ಮೂರನ್ನ ತೆಗೆಯೋದು ಕಷ್ಟ, ಹಸಿವನ್ನ ತೆಗೆಯೋದು ಸುಲಭ. ತೋಟದಿಂದ ಬಂದ ತಕ್ಷಣ ಹಂಡೆ ನೀರಲ್ಲಿ ಸ್ನಾನ, ಸ್ನಾನ ಆದ ತಕ್ಷಣ ಎರಡು ಅಕ್ಕಿ ರೊಟ್ಟಿ, ಮೊಟ್ಟೆ. ಹೊಟ್ಟೆ ತುಂಬಿದ ಮೇಲೆ ಎಣ್ಣೆ ಆಸೆ ಅರ್ಧಕ್ಕರ್ಧ ಇಳಿಯುತ್ತೆ ಅಂತ ನಮ್ಮ ಹತ್ರ ಬರೋರೇ ಹೇಳ್ತಾರೆ. ಮಳೆಗಾಲದ ಚಳಿಗೆ ಒಂದು ಪೆಗ್ ಹಾಕಿದ್ರೆ ಬೆಚ್ಚಗಾಗುತ್ತೆ ಅನ್ನೋ ಮಾತು ಸಕಲೇಶಪುರ ಮೂಡಿಗೆರೆ ಕಡೆ ಎಲ್ರ ಬಾಯಲ್ಲೂ ಇದೆ, ಚರ್ಮದ ರಕ್ತನಾಳ ಅಗಲ ಆಗಿ ಮೇಲೆ ಬೆಚ್ಚಗೆ ಅನ್ಸುತ್ತೆ ನಿಜ, ಒಳಗಿನ ಶಾಖ ಅದೇ ದಾರೀಲಿ ಹೊರಗೆ ಹೋಗ್ತಿರುತ್ತೆ. ಬಚ್ಚಲ ಒಲೆ ಮುಂದೆ ಕೂತ್ಕೊಳ್ಳಿ, ಅದು ನಿಜವಾದ ಶಾಖ.

ಆಸೆ ಬಂದೇ ಬಂತು ಅಂದ್ರೆ ಗಡಿಯಾರ ನೋಡಿ. ಅದು ಏರುತ್ತೆ, ತುದಿ ಮುಟ್ಟುತ್ತೆ, ಇಳಿಯುತ್ತೆ, ಸಾಮಾನ್ಯವಾಗಿ ಅರ್ಧ ಗಂಟೆ ಒಳಗೆ. ಅದ್ರ ಜೊತೆ ವಾದ ಮಾಡ್ತಾ ಕೂರ್ಬೇಡಿ, ಒಬ್ರೇ ಕೂತು "ಕುಡೀಲಾ ಬೇಡ್ವಾ" ಅಂತ ಚರ್ಚೆ ಮಾಡಿದ್ರೆ ಯಾವಾಗ್ಲೂ ಕುಡಿಯೋ ಪಾರ್ಟಿನೇ ಗೆಲ್ಲೋದು. ಎದ್ದು ಏನಾದ್ರೂ ಕೈ ಕೆಲ್ಸ ಮಾಡಿ, ಗಾಡಿ ತೊಳೀರಿ, ದನದ ಕೊಟ್ಟಿಗೆ ಕಡೆ ಹೋಗಿ, ಫೋನ್ ಮಾಡಿ ಯಾರ ಹತ್ರಾದ್ರೂ ಮಾತಾಡಿ.

ಯಾರ ಹತ್ರ ಅಂತ ಕೇಳ್ತೀರ. ಇಲ್ಲಿ ಬಿಟ್ಟೋರ ಜೊತೆ ಬಿಟ್ಟೋರು ಇರೋದಕ್ಕೆ ಬೆಲೆ ಇದೆ, ನಾವು ಡಾಕ್ಟ್ರುಗಳು ಏನೇ ಹೇಳಿದ್ರೂ "ನಿಮಗೇನ್ ಗೊತ್ತು" ಅನ್ನೋದು ನಿಮ್ಮ ಮನಸ್ಸಲ್ಲಿ ಇದ್ದೇ ಇರುತ್ತೆ. ಧರ್ಮಸ್ಥಳದ ಜನಜಾಗೃತಿ ವೇದಿಕೆಯೋರು ಊರೂರಲ್ಲಿ ಮದ್ಯವರ್ಜನ ಶಿಬಿರ ಮಾಡ್ತಾರಲ್ಲ, ಅದ್ರಲ್ಲಿ ಬಿಟ್ಟು ಬಂದೋರದ್ದು ನವಜೀವನ ಸಮಿತಿ ಅಂತ ಇರುತ್ತೆ, ಹಾಸನ ಚಿಕ್ಕಮಗಳೂರು ಎರಡೂ ಜಿಲ್ಲೇಲಿ ಅವರ ಕೆಲ್ಸ ಇದೆ. ಆಲ್ಕೋಹಾಲಿಕ್ಸ್ ಅನಾನಿಮಸ್ ಅಂತ ಇನ್ನೊಂದು, ಎಎ ಅಂತಾರೆ, 1935ರಲ್ಲಿ ಅಮೆರಿಕದಲ್ಲಿ ಇಬ್ರು ಕುಡುಕರು, ಒಬ್ಬ ಷೇರು ವ್ಯವಹಾರದೋನು, ಇನ್ನೊಬ್ಬ ಡಾಕ್ಟ್ರೇ, ಒಬ್ಬರಿಗೊಬ್ಬರು ಆಸರೆ ಆಗಿ ಶುರು ಮಾಡಿದ್ದು, ಫೀಸಿಲ್ಲ, ಹೊರಗೆ ಹೆಸರು ಬರಲ್ಲ. ನಿಮಗೆ ಶಿಬಿರದೋರ ಭಜನೆ ಇಷ್ಟ ಇಲ್ಲ ಅಂದ್ರೆ ಎಎ, ಎಎಯಲ್ಲಿ ಕೂತು ಕಥೆ ಹೇಳೋದು ಇಷ್ಟ ಇಲ್ಲ ಅಂದ್ರೆ ನವಜೀವನ ಸಮಿತಿ, ನನಗೆ ಯಾವುದ್ರ ಮೇಲೂ ಪಕ್ಷಪಾತ ಇಲ್ಲ. ತಾಲ್ಲೂಕು ಆಸ್ಪತ್ರೇಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ಅಂತ ಮಾನಸಿಕ ತಜ್ಞರು ಬರೋ ವ್ಯವಸ್ಥೆ ಸರ್ಕಾರ ಮಾಡಿದೆ, ನಿಮ್ಮಲ್ಲಿ ಯಾವ ವಾರ ಬರ್ತಾರೆ ಅಂತ ಕೇಳ್ಕೊಂಡು ಹೋದ್ರೆ ಹಾಸನಕ್ಕೆ ಸರ್ಕಾರಿ ಆಸ್ಪತ್ರೆ ಹಿಮ್ಸ್‌ವರೆಗೆ ಬರೋ ಬಸ್ ಚಾರ್ಜ್ ಉಳಿಯುತ್ತೆ.

ಫ್ರೆಂಡ್ಸ್ ಜೊತೆ ಸೋಡಾ ಹಿಡ್ಕೊಂಡು ಕೂರೋದು. ಕೆಲವು ಡಾಕ್ಟ್ರು ಅಭ್ಯಾಸ ಮಾಡ್ಕೊಳ್ಳಿ, ಧೈರ್ಯ ಬರುತ್ತೆ ಅಂತಾರೆ. ನಾನು ಮೊದಲ ಒಂದು ವರ್ಷ ಬೇಡ ಅಂತೀನಿ. ಎದುರಿಗೆ ಗ್ಲಾಸು, ಪಕ್ಕದಲ್ಲಿ ಆ ವಾಸನೆ, ಅದೇ ಜೋಕು, ಎಂಟು ಗಂಟೆ ಮೇಲೆ ಅವರು ಹೇಳಿದ್ದನ್ನೇ ಹೇಳೋಕೆ ಶುರು ಮಾಡ್ತಾರೆ, ಎಚ್ಚರ ಇರೋ ನಿಮಗೆ ಬೋರ್ ಹೊಡೆಯುತ್ತೆ, ಬೋರ್ ಆದಾಗ ಕೈ ಎಲ್ಲಿಗೆ ಹೋಗುತ್ತೆ ಗೊತ್ತಲ್ಲ. ಅವರಿಗೂ ನೀವು ಸೋಡಾ ಹಿಡ್ಕೊಂಡು ಕೂತ್ರೆ ಕಸಿವಿಸಿ, ಅವರ ಗ್ಲಾಸ್ ಲೆಕ್ಕ ಹಾಕ್ತಿದ್ದೀರ ಅನ್ಸುತ್ತೆ, ಅದಕ್ಕೇ ಒತ್ತಾಯ ಮಾಡೋದು, ಕೆಟ್ಟೋರು ಅಂತಲ್ಲ. ಅವರನ್ನ ಬಿಡಿ ಅಂತ ನಾನು ಹೇಳಲ್ಲ. ಬೆಳಿಗ್ಗೆ ಸಿಗಿ. ತಿಂಡಿ ಹೋಟ್ಲಲ್ಲಿ, ಸಂತೇಲಿ, ಗ್ಯಾರೇಜಲ್ಲಿ, ಅವರ ತೋಟಕ್ಕೆ ಔಷಧಿ ಹೊಡೆಯೋ ದಿನ ಕೈ ಹಾಕೋಕೆ ಹೋಗಿ. ಯಾರ ಜೊತೆ ಬೆಳಿಗ್ಗೆ ಮಾತಾಡೋಕೆ ವಿಷಯ ಇದೆ, ಯಾರ ಜೊತೆ ಇಲ್ಲ ಅಂತ ಒಂದು ತಿಂಗಳಲ್ಲೇ ಗೊತ್ತಾಗುತ್ತೆ, ಆ ಲಿಸ್ಟ್ ನೋಡಿ ನಿಮಗೇ ಆಶ್ಚರ್ಯ ಆಗಬಹುದು.

ಬೇಡ ಅನ್ನೋದು ಹೇಗೆ ಅನ್ನೋದೂ ಒಂದು ವಿದ್ಯೆ. "ಮಾತ್ರೆ ತಗೋತಿದ್ದೀನಿ ಕಣೋ" ಅಂದ್ರೆ ಮಾತ್ರೆ ಯಾವಾಗ ಮುಗಿಯುತ್ತೆ ಅಂತ ಕೇಳ್ತಾರೆ. "ಡಾಕ್ಟ್ರು ಬೈತಾರೆ" ಅಂದ್ರೆ ಡಾಕ್ಟ್ರಿಗೆ ಯಾರು ಹೇಳ್ತಾರೆ ಬಿಡೋ ಅಂತಾರೆ. ಕಾರಣ ಕೊಟ್ಟಷ್ಟೂ ಕಾರಣ ಒಡೆಯೋಕೆ ಜಾಗ ಕೊಟ್ಟ ಹಾಗೆ. "ಬಿಟ್ಟಿದ್ದೀನಿ ಕಣೋ" ಅಷ್ಟೇ, ಮುಂದಕ್ಕೆ ಮಾತಿಲ್ಲ, ಎರಡನೇ ಸಲ ಕೇಳಿದ್ರೂ ಅದೇ ಮೂರನೇ ಸಲವೂ ಅದೇ. ಆದ್ರೆ ದೊಡ್ಡೋರ ಮನೇಲಿ, ಎಸ್ಟೇಟ್ ಬಂಗ್ಲೇಲಿ, ಹೊಸ ನೆಂಟರ ಹತ್ರ ಹಾಗೆ ಮುಖಕ್ಕೆ ಹೊಡೆದ ಹಾಗೆ ಹೇಳೋಕಾಗಲ್ಲ, ಮಲೆನಾಡಲ್ಲಿ ಗ್ಲಾಸು ಕೊಡೋದು ಮರ್ಯಾದೆ ಕೊಡೋದು ಅಂತ ಇದೆ. ಅಂಥ ಕಡೆ ಅವರು ಕೇಳೋದಕ್ಕೆ ಮುಂಚೆ ನೀವೇ ಕೇಳ್ಬಿಡಿ, "ಒಂದು ಲೋಟ ಬೆಲ್ಲದ ಕಾಫಿ ಕೊಡ್ಸಿ ಅಣ್ಣಾ". ಕೊಡೋರ ಕೈಗೆ ಕೊಡೋಕೆ ಏನಾದ್ರೂ ಬೇಕು, ಕಾಫಿ ಕೊಟ್ರೂ ಅವರಿಗೆ ಸಮಾಧಾನವೇ. ಸಂಜೆ ಕಾಫಿ ಬೇಡ ಅಂದಿದ್ದೆ, ಇಂಥ ದಿನ ಪರವಾಗಿಲ್ಲ.

ಮದುವೆಗೆ ಹೋಗಿ, ಬಾಮೈದನ ಮದುವೆ ತಪ್ಪಿಸಿದ್ರೆ ಅದು ಬೇರೆ ರಗಳೆ. ಬೀಗರೂಟಕ್ಕೂ ಹೋಗಿ, ಆದ್ರೆ ಮೊದಲನೇ ಪಂಕ್ತೀಲಿ ಕೂತು ಉಂಡು, ಆಮೇಲೆ ಬಡಿಸೋಕೆ ನಿಂತ್ಕೊಳ್ಳಿ, ಕೈಯಲ್ಲಿ ಸಾರಿನ ಬಕೆಟ್ ಇರೋನಿಗೆ ಯಾರೂ ಗ್ಲಾಸ್ ಕೊಡಲ್ಲ. ಷಾಮಿಯಾನದ ಹಿಂದೆ, ಕಾರ್ ಡಿಕ್ಕಿ ಹತ್ರ ಹುಡುಗ್ರು ಸೇರ್ತಾರಲ್ಲ, ಆ ಕಡೆ ನೀರು ಕೊಡೋಕೂ ಹೋಗ್ಬೇಡಿ. ಮತ್ತೆ ನಿಮ್ಮ ಹತ್ರ ಪಿಕಪ್ ಇದೆ. ಮದುವೆ ಹಿಂದಿನ ದಿನ ನಿಮ್ಮ ಷಡ್ಕನೋ ಇನ್ಯಾರೋ ಬಂದು "ಎಂಎಸ್ಐಎಲ್‌ನಿಂದ ನಾಲ್ಕು ಕೇಸ್ ಎಣ್ಣೆ ತರ್ಬೇಕು, ನಿನ್ ಗಾಡೀಲಿ ತಂದ್ಬಿಡು, ನೀನಂತೂ ಕುಡಿಯಲ್ವಲ್ಲ, ನಿನ್ನನ್ನೇ ನಂಬಬಹುದು" ಅಂತ ಖಂಡಿತ ಕೇಳ್ತಾರೆ. ಈ ನಂಬಿಕೆಗೆ ಬೀಳ್ಬೇಡಿ. ಷಾಮಿಯಾನ, ಪಾತ್ರೆ, ಸೌದೆ ಏನ್ ಬೇಕಾದ್ರೂ ಹೊಡೀತೀನಿ, ಇದೊಂದು ಬೇಡ ಅನ್ನಿ.

ಎಡೆ ವಿಷಯ ಸ್ವಲ್ಪ ಸೂಕ್ಷ್ಮ, ಇದನ್ನ ನಗೋ ವಿಷಯ ಅಂತ ನಾನು ನೋಡಲ್ಲ. ತೀರಿಹೋದೋರಿಗೆ ಇಷ್ಟ ಆದದ್ದು ಇಡ್ಬೇಕು ಅನ್ನೋದು ನಮ್ಮ ಮನೆಗಳಲ್ಲಿ ನಡ್ಕೊಂಡು ಬಂದದ್ದು, ನೀವು ಬಿಟ್ರಿ ಅಂತ ಅಪ್ಪನ ಬ್ರಾಂದಿ ನಿಲ್ಲಿಸೋಕೆ ಮನಸ್ಸು ಒಪ್ಪಲ್ಲ, ಅಮ್ಮ ಇದ್ರೆ ಅವರೂ ಒಪ್ಪಲ್ಲ. ನಿಜವಾದ ಅಪಾಯ ಎಡೇಲಿ ಇಡೋದ್ರಲ್ಲಿಲ್ಲ, ಎಡೆ ಎತ್ತಿದ ಮೇಲೆ ಅದನ್ನ ಅಣ್ಣ ತಮ್ಮಂದಿರು ಪ್ರಸಾದ ಅಂತ ಹಂಚ್ಕೊಳ್ಳೋದ್ರಲ್ಲಿದೆ. ಅಪ್ಪನ ಪ್ರಸಾದ ಬೇಡ ಅಂತೀಯೇನೋ ಅಂತ ಚಿಕ್ಕಪ್ಪ ಒಬ್ರು ಕೇಳಿದ್ರೆ ಅಲ್ಲಿಗೆ ಐದು ತಿಂಗಳು ಮುಗೀತು. ನಿಮ್ಮಪ್ಪ ಬೀಡಿ ಸೇದ್ತಿದ್ರೆ ಬೀಡಿನೂ ಇಡ್ತಾರೆ, ಇಟ್ಟ ಬೀಡಿ ಮಗ ಸೇದಲೇಬೇಕು ಅಂತ ಯಾರಾದ್ರೂ ಹೇಳ್ತಾರಾ? ಅಣ್ಣನೋ ತಮ್ಮನೋ ಇದ್ರೆ ಈ ವರ್ಷ ಎಡೆ ಅವರ ಮನೇಲಿ ಆಗ್ಲಿ. ಇಲ್ಲ ನಿಮ್ಮ ಮನೇಲೇ ಆಗ್ಬೇಕು ಅಂದ್ರೆ ಬಾಟ್ಲಿ ತರೋದು ನೀವಲ್ಲ, ಅವತ್ತೇ ತರ್ಬೇಕು, ಹಿಂದಿನ ರಾತ್ರಿ ಮನೇಲಿ ಇರಬಾರದು, ಎಡೆ ಎತ್ತಿದ ತಕ್ಷಣ ಅದು ಮನೆ ಹೊರಗೆ ಹೋಗ್ಬೇಕು, ಮರದ ಬುಡಕ್ಕೋ ಇನ್ಯಾರ ಮನೆಗೋ. ಇದನ್ನ ಅವತ್ತು ಎಲೆ ಮುಂದೆ ನಿಂತು ಹೇಳೋಕೆ ಹೋಗ್ಬೇಡಿ, ಒಂದು ವಾರ ಮೊದಲೇ ಮನೆ ಹಿರಿಯರೊಬ್ಬರ ಹತ್ರ ಕೂತು ಹೇಳಿ, ಅವರ ಬಾಯಿಂದ ಬರ್ಲಿ. ಹಿರಿಯರಿಗೆ ಮೊದಲೇ ಹೇಳಿದ್ರೆ ಅವರು ನಿಮ್ಮ ಪರ ನಿಲ್ತಾರೆ, ಎಲ್ಲರ ಮುಂದೆ ಹೇಳಿದ್ರೆ ಪದ್ಧತಿ ಪರ ನಿಲ್ತಾರೆ.

ಈಗ ಮನೆಯೋರು. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಕಾಡಿದ್ದು ಇದೇ. ನೀವು ಬಿಟ್ಟು ಐದು ತಿಂಗಳಾಯ್ತು, ಅವರಿಗೆ ಹದಿನೈದು ವರ್ಷದ ಜೊತೆ ಐದು ತಿಂಗಳು. ಈ ಮಧ್ಯೆ ಎಷ್ಟು ಸಲ "ಇವತ್ತೇ ಕೊನೆ" ಅಂದಿದ್ರಿ, ಮಕ್ಕಳ ತಲೆ ಮುಟ್ಟಿ ಆಣೆ ಮಾಡಿದ್ರಿ ಅಂತ ನೀವು ಮರ್ತಿರ್ತೀರ, ಅವರು ಮರ್ತಿಲ್ಲ. ನೀವಿಲ್ಲದೆ ಮನೆ ನಡೆಸೋಕೆ ಅವರು ಕಲ್ತಿದ್ದಾರೆ, ಸಂಘದ ಸಾಲ, ಸ್ಕೂಲ್ ಫೀಸು, ಆಳುಗಳ ಬಟವಾಡೆ ಎಲ್ಲಾ. ಈಗ ನೀವು ಎಚ್ಚರ ಆಗಿ ಬಂದು ಯಜಮಾನ್ರ ಕುರ್ಚೀಲಿ ಕೂರೋಕೆ ನೋಡಿದ್ರೆ ಅವರು ಎದ್ದು ಎಲ್ಲಿಗೆ ಹೋಗ್ಬೇಕು? ಬಾಯಿ ಮೂಸಿದ್ರೆ ಸಿಟ್ಟು ಮಾಡ್ಕೋಬೇಡಿ, ಗಂಡಸಿಗೆ ಅವಮಾನ ಅನ್ಸುತ್ತೆ ಅಂತ ಗೊತ್ತು, ಆದ್ರೂ ಒಳಗೆ ಬಂದ ತಕ್ಷಣ ನೀವೇ ಹತ್ರ ಹೋಗಿ ಮಾತಾಡಿಸಿ, ಅವರು ಮೂಸೋ ಪರಿಸ್ಥಿತಿ ಬರದ ಹಾಗೆ. ಲೇಟ್ ಆಗುತ್ತೆ ಅಂದ್ರೆ ಲೇಟ್ ಆಗೋಕೆ ಮೊದಲೇ ಫೋನ್ ಮಾಡಿ, ಆದ ಮೇಲಲ್ಲ. ನಮ್ಮ ಹತ್ರ ಬರೋ ಹೆಂಗಸರು ಒಂದು ಮಾತು ಹೇಳ್ತಾರೆ, ಏಳು ಗಂಟೆ ಮೇಲೆ ಗಾಡಿ ಸೌಂಡ್ ಕೇಳಿದ್ರೆ ಹೊಟ್ಟೇಲಿ ಸಂಕಟ ಆಗುತ್ತೆ ಅಂತ. ಆ ಸಂಕಟ ನೀವು ಎಣ್ಣೆ ಬಿಟ್ಟ ದಿನವೇ ನಿಲ್ಲಲ್ಲ.

ಇನ್ನೊಂದು, ನೀವು ಬರೆದಿಲ್ಲ ಆದ್ರೆ ಮುಂದೆ ಆಗಬಹುದು. ಕುಡೀತಿದ್ದಾಗ ಬೈಯ್ಯದೆ ಇದ್ದೋರು ಬಿಟ್ಟ ಮೇಲೆ ಬೈಯ್ಯೋಕೆ ಶುರು ಮಾಡ್ತಾರೆ. ಬಿಟ್ರೂ ಸುಖ ಇಲ್ವಲ್ಲಪ್ಪ ಅಂತ ಗಂಡಸರು ಬಂದು ಅಳ್ತಾರೆ. ಕುಡಿದೋನ ಹತ್ರ ಜಗಳ ಆಡೋಕೆ ಭಯ, ಆಡಿದ್ರೂ ಬೆಳಿಗ್ಗೆ ನೆನಪಿರಲ್ಲ, ಈಗ ಕೇಳೋ ಕಿವಿ ಬಂದಿದೆ, ಹಳೇ ಬಾಕಿ ಹೊರಗೆ ಬರುತ್ತೆ. ಕೇಳಿ. "ಬಿಟ್ಟಿದ್ದೀನಲ್ಲ ಇನ್ನೇನ್ ಬೇಕು" ಅನ್ನೋ ಮಾತು ಮಾತ್ರ ಬಾಯಿಂದ ಬರಬಾರದು. ಅವರ ಮೇಲೆ ನಿಮಗೆ ಸಂಶಯ ಬರ್ತಿದ್ದ ಅಭ್ಯಾಸ ಇತ್ತಾ, ಈಗಲೂ ಇದೆಯಾ? ಇದ್ರೆ ನಾಚಿಕೆ ಪಡದೆ ಡಾಕ್ಟ್ರಿಗೆ ಹೇಳಿ, ಜಾಸ್ತಿ ಕುಡಿದೋರಲ್ಲಿ ಅದು ಕಾಯಿಲೆ ಮಟ್ಟಕ್ಕೆ ಹೋಗೋದುಂಟು, ಚಿಕಿತ್ಸೆ ಇದೆ, ತೋರಿಸದೆ ಹಾಗೇ ಬಿಟ್ರೆ ಅಪಾಯ. ಗಂಡ ಹೆಂಡ್ತಿ ಸಂಬಂಧದಲ್ಲಿ ತೊಂದ್ರೆ ಆಗ್ತಿದ್ರೆ ಅದೂ ಬಹಳಷ್ಟು ಜನಕ್ಕೆ ತಿಂಗಳುಗಳಲ್ಲಿ ಸುಧಾರಿಸುತ್ತೆ, ಆಗದಿದ್ರೆ ಕೇಳಿ, ಪೇಪರ್ ಜಾಹೀರಾತಿನ ಔಷಧಿಗೆ ದುಡ್ಡು ಸುರೀಬೇಡಿ.

ದುಡ್ಡು ಕೈಗೆ ಕೊಡಲ್ಲ ಅಂದ್ರಿ. ಸದ್ಯಕ್ಕೆ ಕೊಡದೆ ಇರೋದೇ ಒಳ್ಳೇದು, ಸಿಟ್ಟಾಗ್ಬೇಡಿ. ದಿನದ ಖರ್ಚಿಗೆ ಇಷ್ಟು ಅಂತ ಇಬ್ರೂ ಕೂತು ಗೊತ್ತು ಮಾಡ್ಕೊಳ್ಳಿ, ಬಾಡಿಗೆ ದುಡ್ಡು ನೇರ ಅವರ ಅಕೌಂಟಿಗೆ ಹೋಗ್ಲಿ. ನಿಮ್ಮ ಬ್ರ್ಯಾಂಡ್ ರೇಟು ನಿಮಗೇ ಗೊತ್ತು, ಎರಡರಿಂದ ಗುಣಿಸಿ ಮೂವತ್ತರಿಂದ ಗುಣಿಸಿ, ಆ ಮೊತ್ತನ ತಿಂಗಳಾ ತಿಂಗಳಾ ಮಗನ ಹೆಸರಲ್ಲಿ ಆರ್‌ಡಿ ಕಟ್ಟಿದ್ರೆ ಅವರ ನಂಬಿಕೆಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಲ್ಲ. ನನಗೆ ಭಯ ಇರೋದು ಜನವರಿ ಮೇಲೆ, ರೋಬಸ್ಟಾ ಕೊಯ್ದು ಒಣಗಿಸಿ ವ್ಯಾಪಾರಿಗೆ ಹಾಕಿ ವರ್ಷದ ದುಡ್ಡು ಒಟ್ಟಿಗೆ ಕೈಗೆ ಬರೋ ದಿನ. ಬಿಟ್ಟೋರು ಜಾರೋದು ದುಃಖದ ದಿನ ಅಂತ ಎಲ್ರೂ ಅಂದ್ಕೋತಾರೆ, ಖುಷಿ ದಿನವೂ ಅಷ್ಟೇ ಜಾರ್ತಾರೆ. ಅವತ್ತು ಮನೆಯೋರನ್ನ ಗಾಡೀಲಿ ಕೂರಿಸ್ಕೊಂಡೇ ಹೋಗಿ. ಕೊಯ್ಲಿಗೆ ಬರೋ ಆಳುಗಳಿಗೆ ಸಂಜೆ ನೈಂಟಿ ಪ್ಯಾಕೆಟ್ ಕೊಡೋ ಪದ್ಧತಿ ಕೆಲವು ತೋಟದಲ್ಲಿದೆ, ನಿಮ್ಮಲ್ಲಿದ್ರೆ ಅದನ್ನ ದುಡ್ಡಾಗಿ ಬದಲಾಯಿಸಿ.

ಮಗನ ಬಗ್ಗೆ ಕಮ್ಮಿ ಹೇಳ್ತೀನಿ, ಯಾಕಂದ್ರೆ ಇಲ್ಲಿ ಮಾಡೋಕೆ ಕಮ್ಮಿ ಇದೆ. ಮೊಬೈಲ್ ಕೊಡ್ಸಿ ಬೈಕ್ ಕೊಡ್ಸಿ ಮಾತಾಡಿಸೋಕೆ ಹೋಗ್ಬೇಡಿ. ಕೂರಿಸ್ಕೊಂಡು ಕ್ಷಮೆ ಕೇಳೋ ಭಾಷಣವೂ ಸದ್ಯಕ್ಕೆ ಬೇಡ, ಅದನ್ನ ಅವನು ಕುಡಿದ ಬಾಯಲ್ಲಿ ಬಹಳ ಸಲ ಕೇಳಿರ್ತಾನೆ. ಏನಾದ್ರೂ ಒಂದು ಕೆಲ್ಸ ದಿನಾ ಅದೇ ಹೊತ್ತಿಗೆ ಮಾಡಿ, ಬಸ್ ಸ್ಟಾಪಿಗೆ ಬಿಡೋದೋ, ರಾತ್ರಿ ಒಟ್ಟಿಗೆ ಉಣ್ಣೋದೋ. ಮಾತು ಬರೋ ದಿನ ಬರುತ್ತೆ.

ಮಾತ್ರೆ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಎಣ್ಣೆ ಮುಟ್ಟಿದ್ರೆ ವಾಂತಿ ಬರೋ ಮಾತ್ರೆ, ಡೈಸಲ್ಫಿರಾಮ್, ಕೊಟ್ಟಿದ್ರೆ ಅದ್ರ ಪರಿಣಾಮ ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಇರಬಹುದು, ಆಲ್ಕೋಹಾಲ್ ಇರೋ ಕೆಮ್ಮಿನ ಸಿರಪ್ಪು, ಆಯುರ್ವೇದದ ಅರಿಷ್ಟ ಆಸವ ಕೂಡ ತಗೋಬಾರದು. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಅಂತ ಬೇರೆ ಇವೆ, ಆಸೆ ಕಮ್ಮಿ ಮಾಡೋವು, ನಿಮಗೆ ಯಾವುದು ಹೊಂದುತ್ತೆ ಅನ್ನೋದು ಲಿವರ್ ಕಿಡ್ನಿ ರಿಪೋರ್ಟ್ ನೋಡಿ ಡಾಕ್ಟ್ರು ಹೇಳ್ಬೇಕು. ಚೆನ್ನಾಗಿದ್ದೀನಿ ಅಂತ ನೀವೇ ನಿಲ್ಲಿಸ್ಬೇಡಿ. ಬಿಪಿ ಶುಗರ್ ಮಾತ್ರೆ ತಗೋತಿದ್ರೆ ಒಂದ್ಸಲ ಚೆಕ್ ಮಾಡ್ಸಿ, ಎಣ್ಣೆ ಬಿಟ್ಟ ಮೇಲೆ ಬಿಪಿ ಇಳಿಯುತ್ತೆ, ಹಳೇ ಡೋಸ್ ಜಾಸ್ತಿ ಆಗಿರಬಹುದು. ಈ ಉತ್ತರ ಓದ್ತಿರೋ ಬೇರೆ ಮನೆಯೋರಿಗೂ ಒಂದು ಮಾತು: ಕುಡಿಯೋರಿಗೆ ಗೊತ್ತಾಗದ ಹಾಗೆ ಸಾರಲ್ಲಿ ಬೆರೆಸೋ ಪುಡಿ, ಮಾತ್ರೆ ಅಂತ ಮಾರ್ತಾರೆ, ದಯವಿಟ್ಟು ಹಾಕ್ಬೇಡಿ, ಒಳಗೆ ಡೈಸಲ್ಫಿರಾಮ್ ಇದ್ದು ಅವರು ಮೇಲೆ ಕುಡಿದ್ರೆ ಜೀವಕ್ಕೇ ಅಪಾಯ. ದಿನಾ ಕುಡಿಯೋರು ಮನೇಲಿ ಒಂದೇ ಸಲ ನಿಲ್ಲಿಸೋದೂ ಅಪಾಯ, 6ರಿಂದ 48 ಗಂಟೆ ಒಳಗೆ ಫಿಟ್ಸ್ ಬರಬಹುದು, ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಬಡಬಡಿಸೋದು ಇಲ್ಲದ್ದು ಕಾಣೋದು ಶುರು ಆಗಬಹುದು, ಆಸ್ಪತ್ರೆಗೆ ಬಂದೇ ನಿಲ್ಲಿಸಿ.

ಇಷ್ಟೆಲ್ಲ ಆದ ಮೇಲೂ ಒಂದು ದಿನ ಜಾರಿದ್ರೆ? "ಹೆಂಗೂ ಕೆಟ್ಟೋಯ್ತು, ಇನ್ನು ಸಂಕ್ರಾಂತಿ ಆದ್ಮೇಲೆ ಹೊಸದಾಗಿ ಬಿಡೋಣ" ಅಂತ ತಲೆ ಹೇಳುತ್ತೆ, ನಿಜವಾಗಿ ಹಾಳು ಮಾಡೋದು ಆ ಮಾತು, ಆ ಒಂದು ಗ್ಲಾಸ್ ಅಲ್ಲ. ಅಲ್ಲೇ ಗ್ಲಾಸ್ ಇಟ್ಟು ಎದ್ದು ಬನ್ನಿ, ಗಾಡಿ ಓಡಿಸ್ಬೇಡಿ, ಯಾರನ್ನಾದ್ರೂ ಕರೆಸ್ಕೊಳ್ಳಿ, ಮನೆಯೋರಿಗೆ ಅವತ್ತೇ ಹೇಳಿ, ಎರಡು ದಿನದೊಳಗೆ ಡಾಕ್ಟ್ರ ಹತ್ರ ಹೋಗಿ. ಐದು ತಿಂಗಳು ಬಿಟ್ಟ ದೇಹ ಹಳೇ ಎರಡು ಕ್ವಾರ್ಟರ್ ತಡ್ಕೊಳ್ಳಲ್ಲ ಅನ್ನೋದೂ ನೆನಪಿರ್ಲಿ. ಒಂದು ವಾರ ದಿನಾ ಕುಡಿದುಬಿಟ್ಟಿದ್ರೆ ಮತ್ತೆ ಮನೇಲೇ ಒಂದೇ ಸಲ ನಿಲ್ಲಿಸೋಕೆ ಹೋಗ್ಬೇಡಿ, ಯಾಕೆ ಅಂತ ಮೇಲೆ ಹೇಳಿದ್ದೀನಿ.

ಪಿತೃಪಕ್ಷಕ್ಕೆ ಮುಂಚೆ ಒಂದು ಎಲ್‌ಎಫ್‌ಟಿ, ಅಂದ್ರೆ ಲಿವರ್ ಟೆಸ್ಟ್, ಮಾಡ್ಸಿ, ಅಡ್ಮಿಟ್ ಆದಾಗಿನ ರಿಪೋರ್ಟ್ ಜೊತೆ ಇಟ್ಟು ಮನೆಯೋರಿಗೂ ತೋರ್ಸಿ. ಮುಂದಿನ ಸಲ ಡಾಕ್ಟ್ರ ಹತ್ರ ಹೋಗುವಾಗ ಅವರನ್ನೂ ಕರ್ಕೊಂಡು ಹೋಗಿ, ಒಳಗೆ ಹೋದ ಮೇಲೆ ಹತ್ತು ನಿಮಿಷ ನೀವು ಹೊರಗೆ ಕೂತು ಅವರನ್ನ ಒಬ್ರೇ ಮಾತಾಡೋಕೆ ಬಿಡಿ. ಅವರಿಗೆ ನನಗೇ ಬರೀಬೇಕು ಅನ್ಸಿದ್ರೆ ಬರೀಲಿ, ನಿಮ್ಮ ಕೈಲಿ ಬರೆಸೋದು ಬೇಡ.